ಮೆತ್ತನೆಯ ಪೌಡರ್ ಘಮದ ಸೆಂಟು ಹಾಕುವವರು ಯಾರಾದರೂ ಇದ್ದೀರಾ?

ಕ್ಯಾಂಪ್_ಮಳೆ
ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು. ಹೋದ ತಿಂಗಳು ವೈನಿ ಊರಿಗೆ ಬಂದಾಗ ನನಗೊಂದು ಸೆಂಟಿನ ಬಾಟಲಿ ತಂದರು. ಹೂವಿನ ಘಮವೇ. ಆದರೆ ಮಲ್ಲಿಗೆಯ ಹಾಗೆ ಮುಖಕ್ಕೆ ಹೊಡೆಯುವುದಿಲ್ಲ. ಮೊದಲು ಚೂರು ಗುಲಾಬಿ ಬರುತ್ತದೆ. ಅರ್ಧ ಗಂಟೆ ಬಿಟ್ಟು ಮೂಸಿದರೆ ಬರೀ ಪೌಡರ್. ಎರೆದು, ಪೌಡರ್ ಹಚ್ಚಿ, ಹಳೇ ಧೋತರದ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡರೆ ಕತ್ತಿನ ಹತ್ತಿರ ಬರುತ್ತದಲ್ಲ, ಹಾಗೆ. ಡಬ್ಬಿಯ ಮೇಲೆ ಐರಿಸ್, ವಯೊಲೆಟ್, ಮಸ್ಕ್ ಅಂತ ಬರೆದಿದೆ.

ನನಗೆ ತುಂಬಾ ಹಿಡಿಸಿದೆ. ಆದರೆ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರು "ಇವತ್ತು ಪೌಡರ್ ಜಾಸ್ತಿ ಬಿತ್ತೇನ್ರೀ?" ಅಂದರು. ಮನೆಯಲ್ಲಿ ಅತ್ತೆ "ಪೌಡರ್ ವಾಸನೆಗೆ ಇಷ್ಟು ದುಡ್ಡು ಯಾಕೆ, ಡಬ್ಬಿ ಮನೆಯಲ್ಲೇ ಇತ್ತಲ್ಲ" ಅಂದರು. ಬೇಜಾರಾಯಿತು. ಇನ್ನೊಂದು ತೊಂದರೆ ಅಂದರೆ, ಹಾಕಿಕೊಂಡು ಸ್ವಲ್ಪ ಹೊತ್ತಿಗೆ ನನಗೆ ಏನೂ ಗೊತ್ತಾಗುವುದಿಲ್ಲ. ಹೋಗಿಬಿಟ್ಟಿತು ಅಂದುಕೊಂಡು ಮತ್ತೆ ಹಾಕುತ್ತೇನೆ.

ಏಪ್ರಿಲ್ ಎರಡನೇ ವಾರ ವಿಜಯಪುರದಲ್ಲಿ ಚಿಕ್ಕಮ್ಮನ ಮಗಳ ಕುಬಸ, ಅಂದರೆ ಸೀಮಂತ, ಇದೆ. ಅಲ್ಲಿಗೆ ಇದನ್ನೇ ಹಾಕಿಕೊಂಡು ಹೋಗುವ ಆಸೆ. ಆ ಬಿಸಿಲಿಗೆ ಇದು ನಿಲ್ಲುತ್ತದಾ? ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು? ಮತ್ತೆ, ಪೌಡರ್ ಘಮ ಇಷ್ಟಪಟ್ಟರೆ ಅದು ಕಡಿಮೆ ರುಚಿಯಾ?

ಶಹಾಪುರ_ಗಲ್ಲಿ
ಅಕ್ಕಾ, ನನಗೂ ಅದೇ ಇಷ್ಟ. ನೀವೊಬ್ಬರೇ ಅಲ್ಲ.

ಘಟಪ್ರಭಾ_ದಂಡೆ
ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೌಡರ್ ಘಮ ಮನೆಯೊಳಗಿನದು. ಅಗರು ಮರದ ಊದ್ ಇದೆ, ಗಂಧ ಇದೆ, ಖಸ್ ಇದೆ. ಅಷ್ಟು ದುಡ್ಡು ಕೊಟ್ಟ ಮೇಲೆ ನಾಲ್ಕು ಜನ ತಿರುಗಿ ನೋಡಬೇಕು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗದಿದ್ದರೆ ಸೆಂಟು ಯಾಕೆ?

ಇಳಕಲ್_ಸೆರಗು
ಅಣ್ಣಾ, ಎಲ್ಲರೂ ನಾಲ್ಕು ಜನ ತಿರುಗಲಿ ಅಂತ ಹಾಕುವುದಿಲ್ಲ. ನಾನು ನನಗೋಸ್ಕರ ಹಾಕುತ್ತೇನೆ.

ನನ್ನ ಅವ್ವ ದಿನಾ ಸಂಜೆ ನೇಕಾರಿಕೆಯ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದಳು. ಮಗ್ಗದ ಮನೆಯಲ್ಲಿ ಇಡೀ ದಿನ ನೂಲಿನ ಗಂಜಿಯ ವಾಸನೆ, ಬಣ್ಣದ ವಾಸನೆ. ಅದೆಲ್ಲ ತೊಳೆದುಹೋದ ಮೇಲೆ ಪೌಡರ್ ಡಬ್ಬಿ ತೆಗೆದು ಅಂಗೈಗೆ ಸ್ವಲ್ಪವೇ ಸುರಿದುಕೊಂಡು, ಎರಡೂ ಕೈ ಉಜ್ಜಿ, ಕತ್ತಿಗೆ ಹಚ್ಚುತ್ತಿದ್ದಳು. ಉಳಿದಿದ್ದನ್ನು ನನ್ನ ಕೆನ್ನೆಗೆ. ಆ ಹೊತ್ತಿಗೆ ಅವಳ ಮುಖವೇ ಬೇರೆ ಆಗುತ್ತಿತ್ತು. ಕೆಲಸ ಮುಗಿಯಿತು, ಇನ್ನು ನಾನು ನನ್ನವಳು ಅನ್ನುವ ಹಾಗೆ. ಡಬ್ಬಿ ಖಾಲಿಯಾದರೂ ಎಸೆಯುತ್ತಿರಲಿಲ್ಲ, ಸೀರೆಯ ಟ್ರಂಕಿನಲ್ಲಿ ಮುಚ್ಚಳ ತೆಗೆದು ಇಡುತ್ತಿದ್ದಳು.

ಅವ್ವ ಹೋಗಿ ಆರು ವರ್ಷ ಆಯಿತು. ನಾನು ಇಂಥ ಸೆಂಟನ್ನು ಮೊದಲ ಸಲ ಮೂಸಿದ್ದು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಅಲ್ಲೇ ಕಣ್ಣಲ್ಲಿ ನೀರು ಬಂತು. ಅದನ್ನು ಕಡಿಮೆ ರುಚಿ ಅಂದರೆ ನಾನು ಒಪ್ಪುವುದಿಲ್ಲ.

ಶಹಾಪುರ_ಗಲ್ಲಿ
ಇದನ್ನು ಓದಿ ನನ್ನ ಆಯಿ ನೆನಪಾದಳು.

ಲ್ಯಾಬ್_ಮಾಸ್ತರ
ಬಾಗಲಕೋಟೆಯ ನವನಗರದಿಂದ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತು ವರ್ಷದಿಂದ ಸೆಂಟಿನ ಹುಚ್ಚು.

ನಿಮ್ಮ ಅತ್ತೆಯವರ ಮಾತು ತಿರುಗುಮುರುಗು ಆಗಿದೆ. ನಿಮ್ಮ ಸೆಂಟಿಗೆ ಪೌಡರ್ ವಾಸನೆ ಬಂದಿಲ್ಲ. ಪೌಡರಿಗೆ ಹೂವಿನ ಘಮ ಹಾಕಿದ್ದರು, ನಾವು ಅದನ್ನೇ ಪೌಡರ್ ವಾಸನೆ ಅಂದುಕೊಂಡೆವು. ಟಾಲ್ಕ್ ಒಂದು ಕಲ್ಲಿನ ಪುಡಿ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಯುರೋಪಿನಲ್ಲಿ ಹಿಂದೆ ಮುಖದ ಪೌಡರಿಗೆ, ಕೂದಲಿನ ಪೌಡರಿಗೆ ಐರಿಸ್ ಬೇರಿನ ಪುಡಿ ಬೆರೆಸುತ್ತಿದ್ದರು. ಪೌಡರಿನ ಘಮ ಅಂದರೆ ಹೀಗೇ ಇರಬೇಕು ಅಂತ ಅಲ್ಲಿಂದಲೇ ರೂಢಿಯಾಯಿತು.

ಐರಿಸ್‌ನಲ್ಲಿ ಹೂವನ್ನು ಬಳಸುವುದಿಲ್ಲ. ನೆಲದೊಳಗಿನ ಗಡ್ಡೆ, ನಮ್ಮ ಅರಿಶಿನದ ಗಡ್ಡೆಯ ಹಾಗೆ. ಕಿತ್ತಾಗ ಅದಕ್ಕೆ ಘಮ ಇರುವುದಿಲ್ಲ. ಸಿಪ್ಪೆ ತೆಗೆದು, ಒಣಗಿಸಿ, ಮೂರು ವರ್ಷ, ಕೆಲವು ಕಡೆ ಐದು ವರ್ಷ ಇಡುತ್ತಾರೆ. ಗಾಳಿಯ ಜೊತೆ ನಿಧಾನವಾಗಿ ಬದಲಾಗಿ ಐರೋನ್ ಅನ್ನುವ ವಸ್ತು ಹುಟ್ಟುತ್ತದೆ. ಆಗ ಆ ತಣ್ಣನೆಯ, ಒಣ, ಪೌಡರಿನಂಥ ಘಮ. ಇಟಲಿಯ ಫ್ಲಾರೆನ್ಸ್ ಸುತ್ತ ಇದನ್ನು ಬಹಳ ಕಾಲದಿಂದ ಬೆಳೆಯುತ್ತಾರೆ. ಸುಗಂಧದ ವ್ಯಾಪಾರದಲ್ಲಿ ಅತಿ ದುಬಾರಿ ವಸ್ತುಗಳಲ್ಲಿ ಇದೂ ಒಂದು. ಕಡಿಮೆ ರುಚಿ ಅನ್ನುವವರಿಗೆ ಇಷ್ಟು ಹೇಳಿ ಸಾಕು.

ಇನ್ನು ನಿಮಗೆ ಯಾಕೆ ಗೊತ್ತಾಗುವುದಿಲ್ಲ ಅನ್ನುವುದು. ವಯೊಲೆಟ್ ಘಮ ಕೊಡುವುದು ಅಯೋನೋನ್. ಟೀಮನ್ ಮತ್ತು ಕ್ರ್ಯೂಗರ್ ಅನ್ನುವ ಇಬ್ಬರು 1893ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿದರು. ಅದರ ಗುಣ ಏನೆಂದರೆ, ಮೂಗು ಬೇಗ ದಣಿಯುತ್ತದೆ. ಬರುತ್ತದೆ, ಹೋಗುತ್ತದೆ, ಹೊರಗೆ ಹೋಗಿ ಬಂದರೆ ಮತ್ತೆ ಬರುತ್ತದೆ. ಮಸ್ಕ್‌ಗಳ ಅಣು ದೊಡ್ಡದು. ಕೆಲವರಿಗೆ ಕೆಲವು ಮಸ್ಕ್ ಹುಟ್ಟಿನಿಂದಲೇ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ಮೂಗನ್ನು ನಂಬಿ ಮತ್ತೆ ಮತ್ತೆ ಹಾಕಬೇಡಿ. ಟೇಬಲ್ಲಿನವರಿಗೆ ಜಾಸ್ತಿ ಆಗಿದ್ದು ಅದಕ್ಕೇ.

ಕ್ಯಾಂಪ್_ಮಳೆ
ಮಾಸ್ತರರೇ, ತುಂಬಾ ಧನ್ಯವಾದ. ಇದನ್ನು ಅತ್ತೆಗೆ ಓದಿ ಹೇಳಿದೆ. "ಐದು ವರ್ಷ ಗಡ್ಡೆ ಒಣಗಿಸ್ತಾರಾ?" ಅಂತ ಎರಡು ಸಲ ಕೇಳಿದರು. ಆಮೇಲೆ ಬಾಟಲಿ ಇಸಿದುಕೊಂಡು ಮೂಸಿದರು.

ದಿನಾ_ಬಸ್ಸು
ನನ್ನದೂ ಒಂದು ಮಾತು ಇರಲಿ. ನಾನು ದಿನಾ ಬಸ್ಸಿನಲ್ಲಿ ಒಂದೂವರೆ ತಾಸು ಹೋಗುತ್ತೇನೆ, ಅಷ್ಟೇ ಬರುತ್ತೇನೆ. ಕಿಟಕಿ ಮುಚ್ಚಿದ್ದಾಗ ಯಾರಾದರೂ ಜೋರು ಸೆಂಟು ಹಾಕಿ ಹತ್ತಿದರೆ ತಲೆಶೂಲೆ ಶುರು. ಸಂಜೆವರೆಗೂ ಬಿಡುವುದಿಲ್ಲ. ಮೈಗ್ರೇನ್ ಇರುವವರಿಗೆ ಇದು ನಿಜವಾದ ಕಷ್ಟ. ನೀವು ಪೌಡರ್ ಹಾಕಿ, ಊದ್ ಹಾಕಿ, ಬೇಡ ಅನ್ನುವುದಿಲ್ಲ. ಒಂದು ಕೈ ಅಳತೆಯ ದೂರಕ್ಕಿಂತ ಆಚೆ ಬರದ ಹಾಗೆ ಹಾಕಿ.

ಘಟಪ್ರಭಾ_ದಂಡೆ
ಹಾಗಾದರೆ ಬೆವರಿನ ವಾಸನೆ ಪರವಾಗಿಲ್ಲವಾ?

ದಿನಾ_ಬಸ್ಸು
ಬೆವರಿಗೆ ಸ್ನಾನ ಇದೆ. ಸೆಂಟು ಅದರ ಬದಲಿ ಅಲ್ಲ.

ಟಿಳಕವಾಡಿ_ಕಾಕಾ
ಇಬ್ಬರೂ ಸಮಾಧಾನ. ನಮ್ಮ ಕಾಲದಲ್ಲಿ ಮದುವೆಗೆ ಹೋದರೆ ಬಾಗಿಲಲ್ಲೇ ಗುಲಾಬದಾನಿಯಿಂದ ಪನ್ನೀರು ಚಿಮುಕಿಸಿ, ಮುಂಗೈ ಮೇಲೆ ಒಂದೇ ಗೆರೆ ಅತ್ತರು ಹಚ್ಚುತ್ತಿದ್ದರು. ಹಿರಿಯರು ಹತ್ತಿಗೆ ಅದ್ದಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಷ್ಟೇ ಅಳತೆ. ಊಟ ಮುಗಿಸಿ ಮನೆಗೆ ಬಂದು ಮಲಗುವವರೆಗೂ ಕೈ ಘಮ ಘಮ. ಈಗಿನ ಬಾಟಲಿಯಲ್ಲಿ ಒತ್ತುವುದು ಸುಲಭ ಆಯಿತು, ಅಳತೆ ತಪ್ಪಿತು. ಅತ್ತರೇ ಒಳ್ಳೆಯದು ತಂಗಿ. ಅದರಲ್ಲಿ ಕೆಮಿಕಲ್ ಇಲ್ಲ.

ಲ್ಯಾಬ್_ಮಾಸ್ತರ
ಕಾಕಾ, ಅಳತೆಯ ಮಾತು ನೂರಕ್ಕೆ ನೂರು ಸರಿ. ಕೆಮಿಕಲ್ ಮಾತನ್ನು ಮಾತ್ರ ಒಪ್ಪುವುದು ಕಷ್ಟ. ಗುಲಾಬಿ ಎಸಳಿನಲ್ಲಿ ಇರುವುದೂ ಕೆಮಿಕಲ್ಲೇ, ನೂರಾರು ಬಗೆಯವು. 1 ಕಿಲೋ ಗುಲಾಬಿ ಎಣ್ಣೆಗೆ ಸುಮಾರು 3ರಿಂದ 5 ಟನ್ ಎಸಳು ಬೇಕು. ನೂರು ರೂಪಾಯಿಯ ಶೀಷೆಯಲ್ಲಿ ಅದು ಎಲ್ಲಿಂದ ಬರಬೇಕು, ನೀವೇ ಹೇಳಿ.

ಗುಮ್ಮಟದ_ನೆರಳು
ಅತ್ತರಿನ ಪರ ನಾನು ಮಾತಾಡುತ್ತೇನೆ. ವಿಜಯಪುರದವನು. ನಿಜವಾದ ಅತ್ತರು ಬೇರೆಯೇ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಈಗಲೂ ತಾಮ್ರದ ದೊಡ್ಡ ಹಂಡೆಯಲ್ಲಿ ಹೂವು, ನೀರು ಹಾಕಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹೋಗಿ ಇನ್ನೊಂದು ಪಾತ್ರೆಯಲ್ಲಿನ ಗಂಧದೆಣ್ಣೆಯಲ್ಲಿ ಇಳಿಯುತ್ತದೆ. ಹಂಡೆಗೆ ದೇಗ್, ಪಾತ್ರೆಗೆ ಭಪ್ಕಾ ಅನ್ನುತ್ತಾರೆ.

ನಮ್ಮೂರಿಗೂ ಸುಗಂಧಕ್ಕೂ ಹಳೆಯ ನಂಟು. ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದವನು. ಸಂಗೀತದ ಹುಚ್ಚು ಇದ್ದ ದೊರೆ ಅಂತ ಎಲ್ಲರಿಗೂ ಗೊತ್ತು. ಅವನ ಕಾಲದಲ್ಲಿ ಸುಗಂಧ ಹೇಗೆ ಬೆರೆಸಬೇಕು, ಕೋಣೆಗೆ ಹೇಗೆ ಧೂಪ ಹಾಕಬೇಕು ಅನ್ನುವುದರ ಮೇಲೆಯೇ ಪರ್ಷಿಯನ್ ಭಾಷೆಯಲ್ಲಿ ಗ್ರಂಥ ಬರೆದಿದ್ದಾರೆ. ಅವನ ಗೋರಿ ಇರುವ ಇಬ್ರಾಹಿಂ ರೋಜಾಕ್ಕೆ ಹೋದಾಗಲೆಲ್ಲ ನಾನು ಇದನ್ನೇ ನೆನೆಯುತ್ತೇನೆ. ಕಲ್ಲಿನ ಕೆತ್ತನೆ ಉಳಿದಿದೆ, ಆ ಘಮ ಉಳಿದಿಲ್ಲ.

ಈಗ ಅಕ್ಕನ ಪ್ರಶ್ನೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಗೆ ಸೆಂಟು ಬೇಗ ಏಳುತ್ತದೆ, ದೂರ ಹರಡುತ್ತದೆ, ಬೇಗ ಮುಗಿಯುತ್ತದೆ. ಬೆಳಗಾವಿಯಲ್ಲಿ ಮೂರು ಸಲ ಒತ್ತುತ್ತಿದ್ದರೆ ಇಲ್ಲಿ ಒಂದು ಸಾಕು. ಆದರೆ ಒಣ ಬಿಸಿಲಿಗೆ ಪೌಡರ್ ಘಮ ಚೆನ್ನಾಗಿ ಒಗ್ಗುತ್ತದೆ, ಇದು ನನ್ನ ಅನುಭವ. ಜಾಸ್ತಿ ಸಿಹಿ ಇರುವ ಸೆಂಟು ಇಲ್ಲಿ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಪೌಡರ್ ಹಾಗಲ್ಲ, ಮೈ ತಣ್ಣಗಿದ್ದ ಹಾಗೆ ಅನ್ನಿಸುತ್ತದೆ. ಬಾಟಲಿಯನ್ನು ಕಾರಿನಲ್ಲಿ ಮಾತ್ರ ಬಿಡಬೇಡಿ. ಬಿಸಿಲು ತಾಗಿ ಬಣ್ಣವೂ ಕೆಡುತ್ತದೆ, ಘಮವೂ ಕೆಡುತ್ತದೆ. ನನ್ನದು ಒಂದು ಹಾಗೇ ಹೋಯಿತು.

ಶಹಾಪುರ_ಗಲ್ಲಿ
ಒಪ್ಪುವುದಿಲ್ಲ. ಪೌಡರ್ ಘಮಕ್ಕೆ ಬೆಳಗಾವಿಯ ಮಳೆಗಾಲವೇ ಸರಿ. ಜುಲೈನಲ್ಲಿ ಜಿಟಿಜಿಟಿ ಮಳೆ, ಮೇಲೆ ಸ್ವೆಟರ್, ಒಳಗೆ ಈ ಘಮ. ಉಣ್ಣೆಗೆ ಹಿಡಿದು ಎರಡು ದಿನ ಇರುತ್ತದೆ. ಅದರ ಮುಂದೆ ಬೇರೆ ಇಲ್ಲ.

ಲ್ಯಾಬ್_ಮಾಸ್ತರ
ನಿಮ್ಮ ಮಾತಿಗೆ ಒಂದು ಸಾಕ್ಷಿ ಕೊಡುತ್ತೇನೆ. ಫ್ರಾನ್ಸಿನ ಗೆರ್ಲೇನ್ ಅನ್ನುವ ಸೆಂಟಿನ ಕಂಪನಿಯವರು 1906ರಲ್ಲಿ ವಯೊಲೆಟ್, ಐರಿಸ್ ಇರುವ ಒಂದು ಸೆಂಟು ತಂದರು. ಹೆಸರು ಆಪ್ರೆ ಲೋಂಡೆ. ಅಂದರೆ ಮಳೆ ಬಿದ್ದು ನಿಂತ ಮೇಲೆ. ಈಚಿನದು ಬೇಕಾದರೆ 2000ದಲ್ಲಿ ಬಂದ ಫ್ಲವರ್ ಬೈ ಕೆಂಜೋ. ಬಾಟಲಿಯ ಮೇಲೆ ಕೆಂಪು ಪಾಪಿ ಹೂ ಇದೆ. ಆ ಹೂವಿಗೆ ಘಮವೇ ಇಲ್ಲ. ಆಲ್ಬರ್ಟೊ ಮೊರಿಯಾಸ್ ಅನ್ನುವವರು ಹೀಗಿರಬಹುದು ಅಂತ ಊಹಿಸಿ ಗುಲಾಬಿ, ವಯೊಲೆಟ್, ವೆನಿಲ್ಲಾ, ಬಿಳಿ ಮಸ್ಕ್ ಸೇರಿಸಿ ಮಾಡಿದರು. ಪೌಡರ್ ಘಮ ಅಂದರೆ ಏನು ಅಂತ ತಿಳಿಯಲು ಅದನ್ನು ಒಮ್ಮೆ ಮೂಸಿ ನೋಡಿ.

ನವನಗರ_ಸೆಕ್ಟರ್
ಮಸ್ಕ್ ಅಂದರೆ ಕಸ್ತೂರಿ ಅಲ್ವಾ? ಅದಕ್ಕೆ ಪ್ರಾಣಿ ಕೊಲ್ಲುತ್ತಾರೆ ಅಂತ ಕೇಳಿದ್ದೆ. ನಾವು ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ಹಾಕಬಹುದಾ?

ಲ್ಯಾಬ್_ಮಾಸ್ತರ
ಹಾಕಬಹುದು. ಕಸ್ತೂರಿ ಮೃಗದ ಬೇಟೆಗೆ ನಮ್ಮಲ್ಲಿ ನಿಷೇಧ ಇದೆ. ಅಂಗಡಿಯ ಸೆಂಟಿನಲ್ಲಿರುವ ಮಸ್ಕ್ ಪ್ರಯೋಗಶಾಲೆಯದು. 1888ರಲ್ಲಿ ಆಲ್ಬರ್ಟ್ ಬೌರ್ ಅನ್ನುವವರು ಸಿಡಿಮದ್ದಿನ ಮೇಲೆ ಕೆಲಸ ಮಾಡುತ್ತಿದ್ದಾಗ ಕಸ್ತೂರಿಯಂಥ ಘಮ ಬಂತು. ಕೃತಕ ಮಸ್ಕ್ ಶುರುವಾಗಿದ್ದು ಹಾಗೆ. ಗಿಡದಿಂದಲೂ ಬರುತ್ತದೆ. ಕಸ್ತೂರಿ ಬೆಂಡೆ ಅಂತ ಇದೆ, ನಾವು ತಿನ್ನುವ ಬೆಂಡೆಯ ಹತ್ತಿರದ ಸಂಬಂಧಿ. ಅದರ ಬೀಜದ ಎಣ್ಣೆಗೆ ಮೆತ್ತನೆಯ ಮಸ್ಕ್ ಘಮ.

ಜೋಳದ_ಹೊಲ
ನಾನು ಸೆಂಟು ಹಾಕುವವನಲ್ಲ. ಸಿಂದಗಿ ಕಡೆ ಹೊಲ ಇದೆ. ಆದರೂ ಬರೆಯಬೇಕು ಅನ್ನಿಸಿತು. ನೀವೆಲ್ಲ ಪೌಡರ್ ಹೂವನ್ನು ಫ್ರಾನ್ಸಿನಲ್ಲಿ ಹುಡುಕುತ್ತಿದ್ದೀರಿ. ನಮ್ಮ ಬದುವಿನ ಮೇಲೆ ಇದೆ.

ಕಸ್ತೂರಿ ಜಾಲಿ ನೋಡಿದ್ದೀರಾ? ಹಳದಿ ಗುಂಡು ಗುಂಡು ಹೂವು, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಚಳಿಗಾಲದಲ್ಲಿ ಜೋಳ ತೆನೆ ಕಟ್ಟುವಾಗ ಬಿಡುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದರೆ ಇಬ್ಬನಿಯ ಜೊತೆ ಆ ಘಮ ಬರುತ್ತದೆ. ನೀವು ಹೇಳುವ ಘಮ ಅದೇ. ಮುಳ್ಳಿನ ಗಿಡ ಅಂತ ಯಾರೂ ಹತ್ತಿರ ಹೋಗುವುದಿಲ್ಲ.

ಲ್ಯಾಬ್_ಮಾಸ್ತರ
ಅಣ್ಣಾ, ನೀವು ಹೇಳಿದ್ದು ಈ ಚರ್ಚೆಯಲ್ಲೇ ದೊಡ್ಡ ಮಾತು! ಆ ಕಸ್ತೂರಿ ಜಾಲಿಯನ್ನೇ ಫ್ರಾನ್ಸಿನ ಗ್ರಾಸ್ ಊರಿನ ಸುತ್ತ ಸುಗಂಧಕ್ಕಾಗಿ ಬೆಳೆಸುತ್ತಿದ್ದರು. ಅಲ್ಲಿ ಅದರ ಹೆಸರು ಕಾಸಿ. ಮೂಲ ಅಮೆರಿಕ ಖಂಡದ ಬಿಸಿ ಸೀಮೆಯದು. ಪೌಡರ್ ಹೂವಿನ ಸೆಂಟುಗಳಲ್ಲಿ ಅದಕ್ಕೆ ದೊಡ್ಡ ಬೆಲೆ. ನಾನು ಇಷ್ಟು ವರ್ಷ ಪುಸ್ತಕದಲ್ಲಿ ಓದಿದ್ದನ್ನು ನೀವು ಬದುವಿನ ಮೇಲೆ ಮೂಸಿದ್ದೀರಿ.

ಕ್ಯಾಂಪ್_ಮಳೆ
ಈಗ ಸಿಗುತ್ತದಾ? ನಾನು ಬರುವುದು ಏಪ್ರಿಲ್‌ನಲ್ಲಿ.

ಜೋಳದ_ಹೊಲ
ಜಾಲಿ ಹೂವಿನ ಕಾಲ ಮುಗಿಯಿತು ತಂಗಿ. ಆದರೆ ಏಪ್ರಿಲ್‌ನಲ್ಲಿ ಬಾಗೆ ಮರ ಹೂ ಬಿಡುತ್ತದೆ. ಹಸಿರು ಬಿಳಿ, ಪೌಡರ್ ಹಚ್ಚುವ ಪಫ್ ಇರುತ್ತದಲ್ಲ, ಥೇಟ್ ಅದೇ ಆಕಾರ. ಸಂಜೆ ಕೆಳಗೆ ನಿಂತುಕೊಳ್ಳಿ. ಹೋದ ವರ್ಷದ ಒಣ ಕಾಯಿ ಗಲಗಲ ಅನ್ನುತ್ತಿದ್ದರೆ ಅದೇ ಮರ.

ಟಿಳಕವಾಡಿ_ಕಾಕಾ
ಬಾಗೆ ಅಂದರೆ ಶಿರೀಷ. ಹಳೆಯ ಕವಿಗಳು ಮೆತ್ತಗಿನದ್ದಕ್ಕೆಲ್ಲ ಅದನ್ನೇ ಹೋಲಿಕೆ ಕೊಡುತ್ತಿದ್ದರು.

ಇಳಕಲ್_ಸೆರಗು
ಕುಬಸಕ್ಕೆ ಯಾವ ಸೀರೆ ಉಡುತ್ತೀರಿ? ಇಳಕಲ್ ಆದರೆ ಒಂದು ಮಾತು ಕೇಳಿ. ಸೆರಗಿನ ಮೇಲೆ ನೇರವಾಗಿ ಸೆಂಟು ಹೊಡೆಯಬೇಡಿ. ಟೋಪ ತೆನಿ ಸೆರಗು ರೇಷ್ಮೆಯದು, ಕಲೆ ಬಿದ್ದರೆ ಹೋಗುವುದಿಲ್ಲ. ಮೈಗೆ ಹಾಕಿ, ಆರಿದ ಮೇಲೆ ಸೀರೆ ಉಡಿ. ಮತ್ತೆ, ಟ್ರಂಕಿನಲ್ಲಿ ಡಾಂಬರು ಗುಳಿಗೆ ಇಟ್ಟ ಸೀರೆ ಆದರೆ ಎರಡು ದಿನ ಮೊದಲೇ ನೆರಳಲ್ಲಿ ಗಾಳಿಗೆ ಹಾಕಿ. ಡಾಂಬರು ಗುಳಿಗೆ ಮತ್ತು ಪೌಡರ್ ಘಮ ಸೇರಿದರೆ ಎರಡೂ ಹಾಳು.

ಶಹಾಪುರ_ಗಲ್ಲಿ
ನಮ್ಮ ಆಯಿ ಗುಳಿಗೆ ಇಡುತ್ತಲೇ ಇರಲಿಲ್ಲ. ಕೇದಿಗೆ ಎಸಳು ಅಥವಾ ಲಾವಂಚದ ಬೇರು. ಸೀರೆ ತೆಗೆದರೆ ಮನೆಯೆಲ್ಲ ಗಮ್ಮನೆ.

ಘಟಪ್ರಭಾ_ದಂಡೆ
ಲಾವಂಚ ಅಂದರೆ ನಾನು ಹೇಳಿದ ಖಸ್. ನೋಡಿ, ಅಲ್ಲಿಗೇ ಬಂದಿರಿ.

ದಿನಾ_ಬಸ್ಸು
ಅಕ್ಕಾ, ಇನ್ನೊಂದು. ಹೋಗುತ್ತಿರುವುದು ಕುಬಸಕ್ಕೆ. ಬಸುರಿ ಹೆಂಗಸರಿಗೆ ವಾಸನೆ ತಡೆಯುವುದಿಲ್ಲ. ನನ್ನ ಹೆಂಡತಿಗೆ ಆ ಒಂಬತ್ತು ತಿಂಗಳು ಒಗ್ಗರಣೆ ವಾಸನೆಯೂ ಆಗುತ್ತಿರಲಿಲ್ಲ. ನಿಮ್ಮ ತಂಗಿಯನ್ನು ಮೊದಲೇ ಫೋನ್ ಮಾಡಿ ಕೇಳಿ.

ಕ್ಯಾಂಪ್_ಮಳೆ
ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಕೇಳುತ್ತೇನೆ.

ನವನಗರ_ಸೆಕ್ಟರ್
ಮಣಿಕಟ್ಟಿಗೆ ಹಾಕಿ ಎರಡೂ ಕೈ ಉಜ್ಜಬೇಕಾ, ಬೇಡವಾ? ಎಲ್ಲರೂ ಉಜ್ಜುತ್ತಾರೆ.

ಲ್ಯಾಬ್_ಮಾಸ್ತರ
ಬೇಡ. ಉಜ್ಜಿದರೆ ಬಿಸಿಯಾಗಿ ಮೊದಲ ಘಮ ಬೇಗ ಹಾರುತ್ತದೆ. ಸ್ನಾನ ಆದ ಮೇಲೆ ವಾಸನೆ ಇಲ್ಲದ ಕ್ರೀಮು ಅಥವಾ ಒಂದು ಚೂರು ವ್ಯಾಸಲೀನ್ ಹಚ್ಚಿ, ಅದರ ಮೇಲೆ ಹಾಕಿ. ಒಣ ಚರ್ಮಕ್ಕೆ ನಿಲ್ಲುವುದಿಲ್ಲ. ಮೊಳಕೈ ಮಡಿಕೆ ಒಳ್ಳೆಯ ಜಾಗ. ಬಿಸಿಲಿಗೆ ಹೋಗುವುದಿದ್ದರೆ ಕತ್ತಿಗೆ ಬೇಡ. ಕೆಲವು ಸೆಂಟುಗಳಲ್ಲಿ ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಎಣ್ಣೆ ಇರುತ್ತದೆ. ಅದಕ್ಕೆ ಬಿಸಿಲು ತಾಗಿದರೆ ಚರ್ಮ ಕಪ್ಪಾಗಬಹುದು.

ಟಿಳಕವಾಡಿ_ಕಾಕಾ
ವಿಜಯಪುರಕ್ಕೆ ಹೋಗುವಾಗ ಕುಂದಾ ಮರೆಯಬೇಡ ತಂಗಿ. ಬರುವಾಗ ಬಾಗಲಕೋಟೆ ಮೇಲೆ ಬಂದರೆ ಅಮೀನಗಡದ ಕರದಂಟು ತಾ.

ಗುಮ್ಮಟದ_ನೆರಳು
ಕಾಕಾ, ಅಮೀನಗಡ ಬಾಗಲಕೋಟೆಯ ಆಚೆ, ಇಳಕಲ್ ದಾರಿಯಲ್ಲಿ. ಅಕ್ಕನಿಗೆ ಸುತ್ತು ಆಗುತ್ತದೆ.

ಇಳಕಲ್_ಸೆರಗು
ಸುತ್ತಾದರೂ ಬರಲಿ, ನಮ್ಮೂರು ನೋಡಿದ ಹಾಗಾಗುತ್ತದೆ.

ಕ್ಯಾಂಪ್_ಮಳೆ
ಕುಬಸ ಮುಗಿಸಿ ನಿನ್ನೆ ರಾತ್ರಿ ಬಂದೆ. ಎಲ್ಲರಿಗೂ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ತಂಗಿಗೆ ಫೋನ್ ಮಾಡಿ ಕೇಳಿದ್ದೆ. "ಗುಲಾಬಿ ಆಗುವುದಿಲ್ಲ ಅಕ್ಕಾ, ವಾಂತಿ ಬರುತ್ತದೆ" ಅಂದಳು. ನನ್ನ ಸೆಂಟಿನಲ್ಲಿ ಮೊದಲು ಬರುವುದೇ ಗುಲಾಬಿ. ಹಾಗಾಗಿ ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಆರಕ್ಕೆ ಎದ್ದು, ಎರೆದುಕೊಂಡು, ಮೊಳಕೈ ಮಡಿಕೆಗೆ ಒಂದೇ ಸಲ ಹಾಕಿದೆ. ಕಾರ್ಯಕ್ರಮ ಇದ್ದದ್ದು ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಗುಲಾಬಿ ಹೋಗಿ ಪೌಡರ್ ಮಾತ್ರ ಉಳಿದಿತ್ತು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದರೂ ಮತ್ತೆ ಹಾಕಲಿಲ್ಲ.

ಹಸಿರು ಸೀರೆ, ಹಸಿರು ಬಳೆ, ತಲೆ ತುಂಬ ಮಲ್ಲಿಗೆ ದಂಡೆ. ಅವಳಿಗೆ ಆ ಮಲ್ಲಿಗೆಯೇ ಜಾಸ್ತಿ ಆಯಿತು. ಉಡಿ ತುಂಬುವುದು ಮುಗಿದ ಕೂಡಲೇ ದಂಡೆ ತೆಗೆಸಿ ಒಳಗೆ ಬಂದು ನನ್ನ ಪಕ್ಕ ಮಲಗಿದಳು. ನನ್ನ ತೋಳಿನ ಮೇಲೆ ತಲೆ ಇಟ್ಟು "ನಿನ್ನ ಮೈ ಕೂಸಿನ ಹಾಗೆ ಘಮ ಬರುತ್ತದೆ" ಅಂದಳು. ನಾಲ್ಕು ಗಂಟೆ ಆಗಿತ್ತು ಆಗ. ಹೊರಗೆ ಕಾಲಿಡಲಾರದಷ್ಟು ಬಿಸಿಲು. ಮಾಸ್ತರರೇ, ನಿಂತಿತ್ತು.

ಸಂಜೆ ಚಿಕ್ಕಮ್ಮನ ಮನೆಯ ಹಿಂದೆ ಬಾಗೆ ಮರ ಸಿಕ್ಕಿತು. ಒಣ ಕಾಯಿ ಗಲಗಲ ಅನ್ನುತ್ತಿತ್ತು. ಹೂವು ಪಫ್‌ನ ಹಾಗೇ ಇದೆ. ಜೋಳದ_ಹೊಲ ಅಣ್ಣಾ, ಘಮ ಜೇನಿನ ಕಡೆ ಜಾಸ್ತಿ, ಆದರೆ ಕೊನೆಗೆ ಆ ಮೆತ್ತನೆ ಪುಡಿಯ ಘಮ ಬಂದೇ ಬಂತು. ಎರಡು ಹೂ ತಂದು ತಂಗಿಗೆ ಕೊಟ್ಟೆ. ಅವಳಿಗೆ ಇದು ವಾಕರಿಕೆ ತರಲಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡಳು.

ಜೋಳದ_ಹೊಲ
ಡಿಸೆಂಬರ್‌ನಲ್ಲಿ ಇಬ್ಬರೂ ಬನ್ನಿ, ಕೂಸನ್ನೂ ಕರೆದುಕೊಂಡು. ಎಳೆ ಜೋಳದ ಸೀತನಿ ತಿನ್ನಿಸುತ್ತೇನೆ, ಜಾಲಿ ಹೂ ತೋರಿಸುತ್ತೇನೆ.

ಇಳಕಲ್_ಸೆರಗು
ಸೀರೆಗೆ ಕಲೆ ಬೀಳಲಿಲ್ಲ ತಾನೇ?

ಕ್ಯಾಂಪ್_ಮಳೆ
ಇಲ್ಲ ಅಕ್ಕಾ. ಅತ್ತೆಯೇ ಮಡಿಸಿ ಇಟ್ಟರು. ಲಾವಂಚದ ಬೇರು ಹಾಕಿ.